ನಾನು ಕಂಡದ್ದು ಇಬ್ಬರನ್ನೇ

ವಿನುತಾ, ಪ್ರಸನ್ನ, ನಮ್ಮ ಸಣ್ಣ ಚೇತನಾ, ನೀವು ಮೂವರೂ ಒಟ್ಟಿಗೆ ಕೂತು ಇದನ್ನು ಓದಬೇಕು. ನಾಲ್ಕು ಜನ ಸೇರಿದಲ್ಲಿ ನನಗೆ ಮಾತು ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತದ್ದಷ್ಟೇ ನನ್ನ ವಿದ್ಯೆ. ಆದರೂ ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನೆಂಟರ ಮದುವೆಯಲ್ಲಿ ಪ್ರಸನ್ನ ನನ್ನ ಪಕ್ಕ ಬಂದು ಕೇಳಿದ. "ಅಜ್ಜಿ, ಚಿಕ್ಕಜ್ಜನ ಮನೆಯವ್ರು ನಮ್ ಪಂಕ್ತೀಲಿ ಎಂತಕ್ಕೆ ಕೂರಲ್ಲ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಹೆಂಗಸು, "ಎಂತಕ್ಕೆ ಅಂದ್ರೆ? ಆಸ್ತಿ ಮಾರಾಯ, ಇನ್ನೆಂತ" ಎಂದುಬಿಟ್ಟಳು. ಪ್ರಸನ್ನ ನಂಬಿದ. ಆಸ್ತಿಗಾಗಿ ಅಲ್ಲ ಮಗ. ಏನಕ್ಕಾಗಿ ಎಂದು ಬರೆದರೆ ನೀವು ನಂಬುತ್ತೀರೋ ಇಲ್ಲವೋ ಗೊತ್ತಿಲ್ಲ. ನಾನೇ ಇವತ್ತಿಗೂ ಅರ್ಧ ನಂಬಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬಿದವಳಲ್ಲ. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಚೌಡಿ ಬನವಿತ್ತು. ಜೊತೆಯ ಹುಡುಗಿಯರು ಅಲ್ಲಿ ಕಣ್ಣು ಮುಚ್ಚಿ ಓಡುತ್ತಿದ್ದರು. ನಾನು ನಿಂತು ಕವಳೆಹಣ್ಣು ಕೊಯ್ದುಕೊಂಡು ಬಾಯಿ ಕೆಂಪು ಮಾಡಿಕೊಂಡು ಹೋಗುತ್ತಿದ್ದೆ. ಮೈಮೇಲೆ ಬರುವುದು, ದೃಷ್ಟಿ ತಾಗುವುದು, ಇವೆಲ್ಲ ಕೆಲಸ ತಪ್ಪಿಸಿಕೊಳ್ಳುವವರ ಉಪಾಯ ಎಂದೇ ನನ್ನ ಎಣಿಕೆಯಾಗಿತ್ತು.

ಇದು ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲದ ಮಾತು. ಶರಾವತಿ ದಂಡೆಯ ನಮ್ಮ ಊರು ಮುಳುಗುತ್ತದೆ ಎಂದು ಗುರುತು ಕಲ್ಲು ನೆಟ್ಟು ಹೋಗಿದ್ದರು. ಮುಂದಿನ ಮಳೆಗಾಲಕ್ಕೆ ನೀರು ಬರುವುದು ಖಂಡಿತ. ನಿಮ್ಮ ಅಪ್ಪನಿಗೆ ಆಗ ಎರಡು ವರ್ಷ. ಮನೆಯಲ್ಲಿ ನಾನು, ನಿಮ್ಮ ಅಜ್ಜ, ಅವರ ತಾಯಿ ಅಂದರೆ ನನ್ನ ಅತ್ತೆ, ಮತ್ತೆ ಅಜ್ಜನ ತಮ್ಮ ಮಂಜಪ್ಪ. ಮಂಜಪ್ಪನೇ ನಿಮ್ಮ ಚಿಕ್ಕಜ್ಜ. ಅವನ ಹೆಂಡತಿ ಬಾಣಂತನಕ್ಕೆ ಅರಳಸುರಳಿಯ ತವರಿಗೆ ಹೋಗಿದ್ದಳು. ಮಾವ ತೀರಿಕೊಂಡಾಗ ಮಂಜಪ್ಪ ತೊಟ್ಟಿಲ ಕೂಸು. ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ನಿಮ್ಮ ಅಜ್ಜ. ಅಣ್ಣನಿಗೆ ಜ್ವರ ಬಂದರೆ ತಮ್ಮ ಊಟ ಬಿಡುತ್ತಿದ್ದ.

ಮುಳುಗುವ ಊರಿನವರೆಲ್ಲ ದಿಕ್ಕಾಪಾಲಾಗುತ್ತಿದ್ದರು. ಸರ್ಕಾರ ಕೊಡುವ ಜಮೀನು ಅಣ್ಣನಿಗೊಂದು ಕಡೆ, ತಮ್ಮನಿಗೊಂದು ಕಡೆ ಎಂದು ಸುದ್ದಿ. ಅತ್ತೆಗೆ ಇದ್ದದ್ದು ಒಂದೇ ಹಟ. "ನೀರು ಮನೆ ತಗಂಡು ಹೋಗ್ಲಿ. ನನ್ ಮಕ್ಕಳನ್ನ ಬೇರೆ ಮಾಡಕ್ಕೆ ಬಿಡಲ್ಲ. ಒಂದೇ ಸೂರು, ಒಂದೇ ಒಲೆ" ಎನ್ನುತ್ತಿದ್ದರು. ಎರಡು ಸಂಸಾರ ಹಿಡಿಸುವ ಮನೆ, ಜೊತೆಗೆ ಗದ್ದೆ, ನಮ್ಮ ಕೈಗೆ ಎಟುಕುವಂಥದ್ದು ಎಲ್ಲಿ ಸಿಗಬೇಕು? ಅಷ್ಟರಲ್ಲಿ ಕೆಳದಿ ಕಡೆ ಒಂದು ಹಳೇ ಮನೆ ಮಾರಾಟಕ್ಕಿದೆ ಎಂದು ಅಜ್ಜ ಸುದ್ದಿ ತಂದರು. ಕೆಳದಿ ಅರಸರ ಕಾಲದಲ್ಲಿ ದಂಡಿನ ಅಧಿಕಾರಿಯೊಬ್ಬ ಕಟ್ಟಿಸಿದ್ದಂತೆ. ಅರ್ಧ ಬಿದ್ದಿದೆ, ಅರ್ಧ ನಿಂತಿದೆ, ನಿಂತ ಅರ್ಧವೇ ನಮಗೆ ಸಾಕು ಎಂದರು.

ಆ ತಿಂಗಳು ನಮ್ಮ ಊರು ಹೇಗಿತ್ತು ಎಂದು ನಿಮಗೆ ಹೇಳಬೇಕು. ಎಲ್ಲರೂ ತಮ್ಮ ತಮ್ಮ ಮನೆಯನ್ನು ತಾವೇ ಕೆಡವುತ್ತಿದ್ದರು. ಮರಮುಟ್ಟು, ಹೆಂಚು, ಬಾಗಿಲು, ಕಂಬ ಎಲ್ಲ ಹೊಸ ಜಾಗಕ್ಕೆ ಬೇಕಲ್ಲ. ಬೆಳಗಾದರೆ ಕೊಡಲಿ ಸದ್ದು, ಹಾರೆ ಸದ್ದು. ತಲೆಮಾರುಗಳಿಂದ ಕಾಯಿ ಕೊಟ್ಟ ಹಲಸಿನ ಮರ ಉರುಳುವಾಗ ದನಗಳು ಹಗ್ಗ ಹರಿದುಕೊಂಡು ಓಡುತ್ತಿದ್ದವು. ಒಡೆದ ಗೋಡೆಯ ಸಂದಿನಿಂದ ಹಾವು ಹೊರಬಂದರೆ ಹೊಡೆದು ಹಾಕಿ ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದರು. ನಮ್ಮ ಮನೆಯ ಮೊದಲ ಹೆಂಚು ತೆಗೆಯುವ ಮುಂಚೆ ಅತ್ತೆ ಹೊಸ್ತಿಲಿಗೆ ಕಾಯಿ ಒಡೆದು, ಹಣೆ ಇಟ್ಟು, "ತಾಯಿ, ನಿಂಗೆ ಹಾರೆ ಹಾಕ್ತಾ ಇದೀವಿ, ತಪ್ಪಾಯ್ತು" ಎಂದು ಕೇಳಿಕೊಂಡಿದ್ದರು. ಆಮೇಲೆ ಅಣ್ಣ ತಮ್ಮ ಇಬ್ಬರಿಗೂ ದಿನಾ ಅದೇ ಕೆಲಸ. ಎಬ್ಬು, ಕೀಳು, ಉರುಳಿಸು. ರಾತ್ರಿ ನಿದ್ದೆಯಲ್ಲಿಯೂ ಮಂಜಪ್ಪನ ಕೈ ಏನನ್ನೋ ಎಬ್ಬುವ ಹಾಗೆ ಅಲುಗುತ್ತಿತ್ತು.

ಮನೆ ಕೊಳ್ಳುವ ಮೊದಲು ಅಲ್ಲಿ ಒಂದು ಹೊತ್ತು ಅಡುಗೆ ಮಾಡಿ ಉಂಡು ನೋಡಬೇಕು ಎಂದು ಅತ್ತೆ ಹೇಳಿದರು. ನಮ್ಮಲ್ಲಿ ಹಾಗೆ ನಡೆದುಕೊಂಡು ಬಂದಿತ್ತು. ನಮ್ಮ ಒಲೆಯ ಕೆಂಡ ಒಯ್ದು ಅಲ್ಲಿ ಬೆಂಕಿ ಮಾಡಬೇಕು. ಅನ್ನ ಚೆನ್ನಾಗಿ ಆಗಿ, ಉಂಡದ್ದು ಮೈಗೆ ಹತ್ತಿದರೆ ಮನೆ ನಮ್ಮನ್ನು ಒಪ್ಪಿತು ಎಂದು ಲೆಕ್ಕ. ಬೇಡವಾದರೆ ಅಲ್ಲಿಂದಲೇ ವಾಪಸು.

ನಿಮ್ಮ ಅಪ್ಪನನ್ನು ನನ್ನ ತವರಲ್ಲಿ ಬಿಟ್ಟು, ಮಡಕೆಯಲ್ಲಿ ಬೂದಿ ಹರಡಿ ಕೆಂಡ ಇಟ್ಟುಕೊಂಡು ಸಾಗರದವರೆಗೆ ಗಾಡಿಯಲ್ಲಿ ಬಂದೆವು. ಅಲ್ಲಿಂದ ಮುಂದಕ್ಕೆ ಬಸ್ಸು ಹತ್ತುವ ಯೋಚನೆ. ಕಂಡಕ್ಟರು ಮಡಕೆಯೊಳಗೆ ಇಣುಕಿ ಹೌಹಾರಿದ.

"ಎಂತ ಅಜ್ಜಿ, ನನ್ ಬಸ್ಸಿಗೇ ಕೊಳ್ಳಿ ಇಡಕ್ಕೆ ಬಂದ್ರಾ?"

"ನಿನ್ ಬಸ್ಸು ಆಗ್ಲೇ ಹೊಗೆ ಬಿಡ್ತಾ ಇದ್ಯಲ್ಲಾ, ನಾನು ಇಡ್ಬೇಕಾ?" ಎಂದರು ಅತ್ತೆ.

ಬಸ್ಸಿನವರೆಲ್ಲ ನಕ್ಕರು. ಆದರೆ ಹತ್ತಿಸಲಿಲ್ಲ. ಗಾಡಿಯಲ್ಲೇ ಮುಂದುವರಿದೆವು. ದಾರಿಯುದ್ದಕ್ಕೂ ಅಜ್ಜ, ಮಂಜಪ್ಪ ಇಬ್ಬರೂ ಯಾವ ಕೋಣೆ ಯಾರಿಗೆ ಎಂದು ಹಂಚಿಕೊಳ್ಳುತ್ತಾ ಬಂದರು. ಒಳ್ಳೆಯ ಕೋಣೆಯನ್ನು ಇಬ್ಬರೂ ಒಬ್ಬರಿಗೊಬ್ಬರು ಕೊಡುವುದೇ ಜಗಳ.

ಮನೆ ಬಯಲಲ್ಲಿ ಒಂಟಿಯಾಗಿ ನಿಂತಿತ್ತು. ಒಳ್ಳೇ ಬಿಸಿಲು. ಕೋಟೆಯಂಥ ದಪ್ಪ ಗೋಡೆ, ಕಬ್ಬಿಣದ ಗುಬ್ಬಿ ಹೊಡೆದ ಎರಡು ಕದದ ಬಾಗಿಲು. ಕದದ ತುಂಬ ಆಳವಾದ ಕಚ್ಚುಗಳಿದ್ದವು. ಮಾರುವವರು ಗುರಪ್ಪಯ್ಯ ಎಂಬ ಮುದುಕರು, ಹೆಂಡತಿ ಮಕ್ಕಳಿಲ್ಲದವರು. ಬಲಬದಿಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು.

"ಅದು ಎಂತ ಗೊತ್ತಾ? ಕೊಡ್ಲಿ ಏಟು. ದಂಡು ಬಂದಾಗ ಒಡೆಯಕ್ಕೆ ನೋಡಿದ್ದಂತೆ. ಆಗ್ಲಿಲ್ಲಂತೆ. ಒಳಗಿಂದ ಯಾರೋ ತೆಗೆದ್ರಂತೆ" ಎಂದು ಕಚ್ಚುಗಳ ಮೇಲೆ ಕೈಯಾಡಿಸಿದರು. ಆಮೇಲೆ ನಮ್ಮ ಮುಖ ನೋಡಿ ನಕ್ಕರು. "ಹೆದರ್ಬೇಡಿ. ನಾನು ಹುಟ್ಟಿದ್ದೇ ಇಲ್ಲಿ. ಒಂದ್ಸಲ ಇಲಿ ಕಡಿದಿದ್ದು ಬಿಟ್ರೆ ಈ ಮನೆ ನಂಗೆ ಎಂತ ಮಾಡಿಲ್ಲ."

ನಾನು ಒಲೆ ಹುಡುಕಿ ಗುಡಿಸಿದೆ. ಅಡುಗೆ ಮನೆಗೂ ನಡುಮನೆಗೂ ಮಧ್ಯೆ ಕದವಿಲ್ಲದ ಬಾಗಿಲು. ಒಲೆಯ ಮುಂದೆ ಕೂತರೆ ನಡುಮನೆ ಪೂರಾ ಕಾಣುತ್ತಿತ್ತು. ಕೆಂಡಕ್ಕೆ ತೆಂಗಿನ ಸಿಪ್ಪೆ ಹಾಕಿ ಊದುತ್ತಿದ್ದೆ, ಇನ್ನೂ ಹೊತ್ತಿಕೊಂಡಿರಲಿಲ್ಲ. ಅಷ್ಟರಲ್ಲಿ ನಡುಮನೆಯಲ್ಲಿ ಹಲಗೆ ಕಿತ್ತ ಸದ್ದು ಕೇಳಿತು. ಮಂಜಪ್ಪ ಹಾರೆ ಹಾಕಿ ಮೆತ್ತಿನ ಅಂದರೆ ಅಟ್ಟದ ಹಲಗೆಯೊಂದನ್ನು ಎಬ್ಬಿದ್ದ. ತೊಲೆಗೆ ಗೆದ್ದಲು ಹಿಡಿದಿದೆಯೋ ನೋಡಲು. ಅಜ್ಜ ಇನ್ನೊಂದು ತುದಿಯನ್ನು ಹಿಡಿದು ಎಳೆಯುತ್ತಿದ್ದರು.

"ಹೋಯ್! ಎಂತ ಮಾಡ್ತಿದೀರಾ?" ಎಂದು ಅತ್ತೆ ಕೂಗಿದರು. "ಇನ್ನೂ ಒಲೆ ಹೊತ್ತಿಲ್ಲ, ಹೊಸ್ತಿಲಿಗೆ ಕಾಯಿ ಒಡೆದಿಲ್ಲ. ನಿಮ್ ಮನೆಯಾ ಇದು?"

ಇಬ್ಬರೂ ತಮ್ಮ ಕೈಗಳನ್ನೇ ನೋಡಿಕೊಂಡು ನಕ್ಕರು. "ಕೈ ತಾನಾಗೇ ಹೋಯ್ತು ಅವ್ವ" ಎಂದ ಮಂಜಪ್ಪ. ಹಾರೆಯನ್ನು ಕಂಬಕ್ಕೆ ಒರಗಿಸಿದ. ತೊಲೆ ಗಟ್ಟಿಯಾಗಿತ್ತು. ಅದನ್ನು ಕಂಡ ಸಂತೋಷದಲ್ಲಿ ಅತ್ತೆಯೂ ಹೆಚ್ಚು ಬೈಯಲಿಲ್ಲ.

ಅನ್ನ ಚೆನ್ನಾಗಿಯೇ ಆಯಿತು. ಬಸಿದ ಗಂಜಿಯನ್ನು ಇನ್ನೊಂದು ಪಾತ್ರೆಯಲ್ಲಿ ಒಲೆಯ ಮೇಲೆ ಇಟ್ಟಿದ್ದೆ. ಗುರಪ್ಪಯ್ಯ ಊರೊಳಗಿನಿಂದ ಮಜ್ಜಿಗೆ ತರುತ್ತೇನೆಂದು ಹೊರಟರು. ಅಣ್ಣ ತಮ್ಮ ನಡುಮನೆಯಲ್ಲಿ ಎದುರುಬದುರು ಬಾಳೆ ಎಲೆ ಹಾಕಿಕೊಂಡು ಕೂತರು. ಅತ್ತೆ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಅನ್ನ ಬಡಿಸಿ, ಸಾರು ತರಲು ತಿರುಗಿದೆ.

"ಅತ್ತಿಗೆ, ಈ ಮನೆ ಸೌಟು ಭಾರೀ ಸಣ್ಣದು ಅನ್ಸುತ್ತೆ" ಎಂದು ಮಂಜಪ್ಪ ನಗೆಯಾಡಿದ. ಆ ನಗೆ ಅರ್ಧಕ್ಕೇ ನಿಂತಿತು. ನಾನು ತಿರುಗಿ ನೋಡಿದೆ. ಅವನ ಕಣ್ಣು ಅಣ್ಣನ ಹೆಗಲ ಮೇಲೆ, ಸ್ವಲ್ಪ ಹಿಂದಕ್ಕೆ ನೆಟ್ಟಿತ್ತು. ಅಜ್ಜನ ಕಣ್ಣೂ ಹಾಗೆಯೇ ತಮ್ಮನ ಬೆನ್ನ ಹಿಂದೆ ನೆಟ್ಟಿತ್ತು. ನಾನೂ ನೋಡಿದೆ. ಅಲ್ಲಿ ಗೋಡೆ ಇತ್ತು, ಕಂಬ ಇತ್ತು, ಒರಗಿಸಿದ ಹಾರೆ ಇತ್ತು.

ಇಬ್ಬರೂ ಒಟ್ಟಿಗೇ ಎದ್ದರು. ಅನ್ನ ಮೆತ್ತಿದ ಕೈಯಲ್ಲೇ ಮಂಜಪ್ಪ ಹಾರೆ ಎತ್ತಿದ. ಬೀಸಿದ ಏಟು ಅಣ್ಣನ ಭುಜದ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಒಲೆಯ ಹತ್ತಿರ ಕೇಳಿಸಿತು. ಅಜ್ಜ ಬೀಳಲಿಲ್ಲ. ಎದೆಯಿಂದ ತಳ್ಳಿಕೊಂಡು ಹೋಗಿ ತಮ್ಮನನ್ನು ಕಂಬಕ್ಕೆ ಅಪ್ಪಳಿಸಿ, ಕುತ್ತಿಗೆಗೆ ಕೈ ಹಾಕಿದರು. ಮಂಜಪ್ಪನ ತಲೆಯನ್ನು ಕಂಬಕ್ಕೆ ಒಂದು ಸಲ, ಎರಡು ಸಲ, ಮತ್ತೆ ಮತ್ತೆ ಚಚ್ಚಿದರು. ಅವನ ಕಿವಿಯಿಂದ ರಕ್ತ ಇಳಿಯಿತು. ಅವನು ಹಾರೆಯ ತುದಿಯನ್ನು ಅಜ್ಜನ ಪಕ್ಕೆಗೆ ತಿವಿಯುತ್ತಿದ್ದ. ಇಬ್ಬರೂ ಉರುಳಿದರು. ಎಲೆ ಹರಿದು, ಬಿಳೀ ಅನ್ನವೆಲ್ಲ ಕೆಂಪಾಯಿತು. ಅಜ್ಜ ಅವನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದರು.

ನನಗೆ ಈಗಲೂ ಮರೆಯಲು ಆಗದ್ದು ಆ ರಕ್ತವಲ್ಲ. ಇಬ್ಬರೂ ಒಂದು ಮಾತು ಆಡಲಿಲ್ಲ. ಬೈಗುಳವಿಲ್ಲ, ನರಳಾಟವಿಲ್ಲ. ಹಂದಿ ಹೊಡೆಯುವಾಗಲಾದರೂ ಹಂದಿ ಕೂಗುತ್ತದೆ. ಅಲ್ಲಿ ಕೇಳುತ್ತಿದ್ದದ್ದು ಉಸಿರು ಮತ್ತು ಏಟು, ಅಷ್ಟೇ.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಲ್ಲಾಗಿ ನಿಂತಿದ್ದರು. ನಾನು ಅಜ್ಜನ ಹೆಸರು ಹಿಡಿದು ಕೂಗಿದೆ. ಜೀವಮಾನದಲ್ಲಿ ಅದೊಂದೇ ಸಲ ನಾನು ಗಂಡನ ಹೆಸರು ಹಿಡಿದು ಕೂಗಿದ್ದು. ಅವರು ತಿರುಗಲಿಲ್ಲ. ಮಂಜಪ್ಪನ ಕಣ್ಣು ಮೇಲಕ್ಕೆ ಹೋಗಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಒಬ್ಬರು ಸಾಯುತ್ತಾರೆ ಎಂದು ತಿಳಿಯಿತು. ಕುದಿಯುವ ಗಂಜಿಯನ್ನು ಪಾತ್ರೆ ಸಮೇತ ತಂದು ಇಬ್ಬರ ಮೇಲೂ ಸುರಿದೆ.

ಆಗ ಕೂಗಿದರು. ಇಬ್ಬರೂ ಕೂಗಿದರು. ಕೂಗಿದ ಮೇಲೆ ಅವರು ಮತ್ತೆ ನಮ್ಮವರಾದರು. ಅಜ್ಜ ತಮ್ಮನ ರಕ್ತ ನೋಡಿ, "ಮಂಜ, ಯಾರು ಹೊಡೆದದ್ದಾ? ಯಾರಾ?" ಎಂದು ಅಳತೊಡಗಿದರು. ಮಂಜಪ್ಪ ಉಸಿರು ಎಳೆದುಕೊಳ್ಳುತ್ತಾ ಬಾಗಿಲ ಕಡೆ ಕೈ ತೋರಿಸಿ, "ಅಣ್ಣಯ್ಯ, ಓಡಿಹೋದ, ಹಿಡೀರಿ" ಎಂದ. ಮಜ್ಜಿಗೆ ಹಿಡಿದು ಬಂದ ಗುರಪ್ಪಯ್ಯ ಹೊಸ್ತಿಲ ಮೇಲೆಯೇ ಕುಸಿದು ಕೂತರು. ಬಾಗಿಲಿನಿಂದ ಯಾರೂ ಹೊರಗೆ ಓಡಿದ್ದನ್ನು ಅವರು ಕಂಡಿರಲಿಲ್ಲ.

ಗಾಡಿಯಲ್ಲಿ ಹುಲ್ಲು ಹಾಸಿ ಸಾಗರದ ಆಸ್ಪತ್ರೆಗೆ ಒಯ್ದೆವು. ಮಂಜಪ್ಪನ ತಲೆಗೆ ಹೊಲಿಗೆ ಹಾಕಿದರು. ಅಜ್ಜನ ಭುಜಕ್ಕೆ ಪಟ್ಟಿ ಕಟ್ಟಿದರು. ಅಂಗಿ ಬಿಚ್ಚಿದಾಗ ಅಜ್ಜನ ಬೆನ್ನಿಗೆ ಓರೆಯಾಗಿ ಇನ್ನೊಂದು ಗಾಯವಿತ್ತು. ಒಂದು ಭುಜದಿಂದ ಸೊಂಟದವರೆಗೆ, ಗೆರೆ ಎಳೆದ ಹಾಗೆ ನೇರವಾಗಿ, ಉದ್ದಕ್ಕೆ ಸೀಳಿತ್ತು. ಡಾಕ್ಟರು ಅದನ್ನು ನೋಡಿ ನನ್ನ ಮುಖ ನೋಡಿದರು.

"ಇದಕ್ಕೆ ಎಂಥ ಆಯುಧ ಬಳಸಿದ್ದು? ಸತ್ಯ ಹೇಳಮ್ಮ."

"ಹಾರೆ" ಎಂದೆ.

"ಹಾರೆ ಜಜ್ಜುತ್ತೆ. ಹೀಗೆ ಕೊಯ್ಯಲ್ಲ."

ನಾವು ಅಲ್ಲಿಗೆ ಕತ್ತಿ ಒಯ್ದಿರಲಿಲ್ಲ. ಸಾರಿಗೆ ಬೇಳೆ, ನಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ, ಹೆಚ್ಚುವ ಕೆಲಸವೇ ಇರಲಿಲ್ಲ. ಗುರಪ್ಪಯ್ಯನ ಕೋಣೆಯಲ್ಲಿ ಇದ್ದದ್ದು ಒಂದು ತುಕ್ಕು ಹಿಡಿದ ಕುಡುಗೋಲು. ಅವರು ಹೊರಗೆ ಹೋಗುವಾಗ ಕೋಣೆಗೆ ಬೀಗ ಹಾಕಿಕೊಂಡು ಹೋಗಿದ್ದರು. ಅಂಗಿಯೂ ಹರಿದಿರಲಿಲ್ಲ. ಒಳಗಿನಿಂದ ರಕ್ತ ಹತ್ತಿತ್ತು, ಅಷ್ಟೇ. ಅಂಗಿ ಹರಿಯದೆ ಬೆನ್ನು ಸೀಳಿದ್ದು ಹೇಗೆ?

ಗಾಯ ಮಾಯುತ್ತಾ ಬಂದಾಗ ಒಂದು ದಿನ ಬೆಳಿಗ್ಗೆ, ಅರ್ಧ ಕೆಡವಿದ ನಮ್ಮ ಮನೆಯ ಜಗಲಿಯ ಮೇಲೆ ಎಲ್ಲರೂ ಕೂತೆವು. ಗುರಪ್ಪಯ್ಯನಿಗೆ ಉತ್ತರ ಕೊಡಬೇಕಿತ್ತು. ಮಂಜಪ್ಪ ಹೇಳಿದ, ಅಣ್ಣನ ಹಿಂದೆ ಒಬ್ಬ ಕುಳ್ಳ ನಿಂತಿದ್ದ, ಎಡಗೈಯಲ್ಲಿ ಅಲಗು ಎತ್ತಿದ್ದ, ಅವನಿಗೆ ಹೊಡೆದೆ ಎಂದು. ಅಜ್ಜ ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿದ್ದಾಗಲೇ ನನಗೆ ಅದನ್ನೇ ಹೇಳಿದ್ದರು. ಕುಳ್ಳ, ಎಡಗೈ. ಆದರೆ ಅವರು ಕಂಡದ್ದು ಮಂಜಪ್ಪನ ಬೆನ್ನ ಹಿಂದೆ. ತಮ್ಮನನ್ನು ಉಳಿಸಲು ಆ ಕುಳ್ಳನ ಕುತ್ತಿಗೆ ಹಿಡಿದೆ ಎಂದರು. ಅತ್ತೆ ಚಪ್ಪಾಳೆ ತಟ್ಟಿದ ಹಾಗೆ ಎರಡೂ ಕೈ ಜೋಡಿಸಿದರು.

"ನಾನೂ ಕಂಡೆ ಕಣಾ! ಮೂರನೇವ್ನು ಇದ್ದ. ಕೇಳ್ದೇ ಮಾಡ್ದೇ ಹಾರೆ ಹಾಕಿದ್ರಲ್ಲ, ಅದಕ್ಕೇ ಎದ್ದ. ಶಾಂತಿ ಮಾಡ್ಸಿ, ಅವನಿಗೆ ಕೊಡೋದು ಕೊಟ್ಟು, ಆಮೇಲೆ ಮನೆ ತಗಳಾಣ. ಅವನು ಸುಮ್ನಾಗ್ತಾನೆ." ನನ್ನ ಕಡೆ ತಿರುಗಿದರು. "ನೀನು ಕಂಡ್ಯಲ್ದಾ ಹುಡ್ಗಿ? ನನ್ ಪಕ್ಕಾನೇ ಇದ್ದೆ."

ಮೂವರೂ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಜನ ಕಾದದ್ದು ಅದೇ ಮೊದಲು.

"ನಾನು ಇಬ್ರನ್ನೇ ಕಂಡೆ" ಎಂದೆ.

ಅಜ್ಜ ಕೇಳಿದರು, "ಮಂಜ ಹೊಡೆದದ್ದು ಯಾರಿಗೆ?"

"ನಿಮಗೆ."

"ನಾನು ಕುತ್ತಿಗೆ ಹಿಡಿದದ್ದು?"

"ಮಂಜಪ್ಪಂದು."

ಮಂಜಪ್ಪ ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ತಲೆಗೆ ಇನ್ನೂ ಪಟ್ಟಿ ಇತ್ತು. "ಅತ್ತಿಗೆ, ಸುಳ್ಳಾದ್ರೂ ಸೈ. ಕಂಡೆ ಅಂತ ಒಂದ್ಸಲ ಹೇಳಿ" ಎಂದ.

ನನಗೆ ಹೇಳಲು ಆಗಲಿಲ್ಲ. ಹಟದಿಂದಲ್ಲ. ಆ ಹಾರೆ ಯಾರ ಕೈಯಲ್ಲಿತ್ತು, ಆ ಬೆರಳುಗಳು ಯಾರವು ಎಂದು ಕಣ್ಣಲ್ಲಿ ಕೂತಿತ್ತು. ಮತ್ತೆ ಅದೇ ಇಬ್ಬರಿಗೆ ಅದೇ ಮನೆಯಲ್ಲಿ ಎದುರುಬದುರು ಎಲೆ ಹಾಕಿ ಬಡಿಸುವುದು ಹೇಗೆ? ಮೂರನೆಯವನೊಬ್ಬ ಇದ್ದಿದ್ದರೆ ಶಾಂತಿ ಮಾಡಿಸಬಹುದಿತ್ತು, ತಾಯತ ಕಟ್ಟಬಹುದಿತ್ತು. ಇಬ್ಬರೇ ಇದ್ದರೆ ಯಾರಿಗೆ ಮಾಡಿಸುವುದು?

ಮನೆ ಬೇಡವೆಂದು ಹೇಳಿ ಕಳಿಸಿದೆವು. ಆಮೇಲೆ ಜಗಳವೇನೂ ಆಗಲಿಲ್ಲ. ಉಳಿದ ಮನೆಯನ್ನು ಇಬ್ಬರೂ ಸೇರಿಯೇ ಕೆಡವಿದರು. ಆದರೆ ಮಂಜಪ್ಪ ಹಾರೆ ಹಿಡಿದು ಹೆಂಚಿನ ಮಾಡಿನ ಮೇಲಿದ್ದರೆ ಅಜ್ಜ ಕೆಳಗೆ ನಿಲ್ಲುತ್ತಿರಲಿಲ್ಲ, ಏನೋ ನೆವ ಹೇಳಿ ಅಂಗಳದ ಆಚೆ ಹೋಗುತ್ತಿದ್ದರು. ಮಂಜಪ್ಪನಿಗೆ ಅದು ತಿಳಿಯಿತು. ಅವನೂ ಊಟಕ್ಕೆ ಅಣ್ಣನ ಎದುರು ಕೂರುವುದನ್ನು ಬಿಟ್ಟ. ಮರಮುಟ್ಟು ಎರಡು ಪಾಲಾಯಿತು. ಒಳ್ಳೆಯ ಕಂಬಗಳನ್ನು ಅವನಿಗೇ ಕೊಟ್ಟರು ಅಜ್ಜ. ನೀರು ಬರುವ ಮೊದಲೇ ಅವನು ಹೆಂಡತಿಯ ಊರು ಅರಳಸುರಳಿಗೆ ಹೋಗಿ ನೆಲೆಸಿದ. ನಾವು ಈ ಊರಿಗೆ ಬಂದೆವು. ಅತ್ತೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇದ್ದು, ಹೋಗಿಬರುವ ದಾರಿಯಲ್ಲಿಯೇ ಕಾಯಿಲೆ ಬಿದ್ದು ತೀರಿಕೊಂಡರು. ಕೊನೆಯವರೆಗೂ ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆ ಮನೆಯನ್ನು ಮತ್ತೊಬ್ಬರು ಕೊಂಡು ರಿಪೇರಿ ಮಾಡಿಸಿದರು. ಕೆಲವು ವರ್ಷ ಅಲ್ಲಿ ಮಕ್ಕಳ ಹಾಸ್ಟೆಲ್ ಇತ್ತು. ಅದೇ ನಡುಮನೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಇದನ್ನು ಕೇಳಿದಾಗ ನಾನು ಕಂಡದ್ದೇ ಸರಿ ಎಂದುಕೊಂಡೆ. ತಿಂಗಳುಗಟ್ಟಲೆ ಮನೆ ಕೆಡವಿ ಕೆಡವಿ ಅವರ ಕೈಗೆ ಏನೋ ಹತ್ತಿತ್ತು, ಅದು ಅಲ್ಲಿ ಹೊರಗೆ ಬಂತು ಎಂದು ಸಮಾಧಾನ ಮಾಡಿಕೊಂಡೆ.

ಆದರೆ ನಿಮ್ಮ ಅಜ್ಜನಿಗೆ ಬೆನ್ನು ಉಜ್ಜಿ ನೀರು ಹಾಕಿದವಳು ನಾನು. ಅವರು ಹೋಗುವವರೆಗೂ ಆ ಗೆರೆ ಹಾಗೆಯೇ ಇತ್ತು. ಎಡಗೈಯವನು ಹಿಂದೆ ನಿಂತು ಬೆನ್ನಿಗೆ ಬೀಸಿದರೆ ಹೇಗೆ ಬೀಳುತ್ತದೋ ಹಾಗೆ, ಎಡದಿಂದ ಬಲಕ್ಕೆ. ಸೋಪು ಹಚ್ಚುವಾಗ ನನ್ನ ಕೈ ಅಲ್ಲಿ ನಿಲ್ಲುತ್ತಿತ್ತು. ನಾನು ಇಬ್ಬರನ್ನು ಕಂಡದ್ದು ನಿಜ. ಆ ಗಾಯವೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ನನ್ನಿಂದ ಇವತ್ತಿಗೂ ಆಗಿಲ್ಲ.

ಮಕ್ಕಳೇ, ಯಾರಾದರೂ ಆಸ್ತಿ ಜಗಳ ಎಂದರೆ ಅಲ್ಲ ಎಂದು ಹೇಳಿ. ಅರಳಸುರಳಿಗೆ ಹೋಗಿ, ಮಂಜಪ್ಪನ ಮೊಮ್ಮಕ್ಕಳಿಗೂ ಇದನ್ನು ಓದಲು ಕೊಡಿ. ಅಣ್ಣನನ್ನು ಉಳಿಸಲೆಂದೇ ತಮ್ಮ ಅಜ್ಜ ಹಾರೆ ಎತ್ತಿದ್ದು ಎಂದು ಅವರು ಹೇಳಿದರೆ, ನಮ್ಮಜ್ಜಿ ಹಾಗೆ ಬರೆದಿಲ್ಲ ಎಂದು ವಾದಕ್ಕೆ ನಿಲ್ಲಬೇಡಿ. ಹೂಂ ಅನ್ನಿ. ಓದಿದ ಮೇಲೆ ಮರೆಯದೆ ವಾಪಸು ತನ್ನಿ. ಇನ್ನೊಮ್ಮೆ ಬರೆಯಲು ನನ್ನ ಕೈಗೂ ಆಗದು, ಮನಸ್ಸಿಗೂ ಆಗದು. ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.